ಟೀಚರ್ ಆರ್ಕೋ ಕೋಟು ಕಳಚಿದ ದಿನ

ಬದುಕಿರುವವರನ್ನು ಹೊಗಳುವ ಅಭ್ಯಾಸ ಟೀಚರ್ ಆರ್ಕೋ ಅವರಿಗೆ ಇರಲಿಲ್ಲ. ಕಡಲತಡಿಯ ನಮ್ಮ ಸೆಕೊಂಡಿಯಲ್ಲಿ ಅದು ಯಾರಿಗೂ ಅಷ್ಟಾಗಿ ಇಲ್ಲ. ಎದುರಿಗೆ ಹೊಗಳಿದರೆ ಕಣ್ಣು ತಾಗುತ್ತದೆ, ಕಣ್ಣು ತಾಗದಿದ್ದರೆ ಹೊಗಳಿಸಿಕೊಂಡವರ ತಲೆ ತಿರುಗುತ್ತದೆ ಎಂದು ಇಲ್ಲಿನವರು ಬಾಯಿ ಬಿಗಿಹಿಡಿಯುತ್ತಾರೆ. ಆದರೆ ಟೀಚರ್ ಅದನ್ನು ಒಂದು ವ್ರತದ ಹಾಗೆ ಪಾಲಿಸುತ್ತಿದ್ದರು. ಹೆಂಡತಿಯ ಕೈಯ ಮೀನಿನ ಸಾರನ್ನು ನಲವತ್ತೊಂದು ವರ್ಷ ಉಂಡು ಅವರು ಆಡಿದ ಅತಿ ದೊಡ್ಡ ಮೆಚ್ಚುಗೆಯ ಮಾತು, ಉಪ್ಪು ಇದೆ ಎಂಬುದು. ಪ್ರಾಂತ್ಯಕ್ಕೇ ಮೊದಲನೆಯವಳಾಗಿ ಪಾಸಾದ ಹುಡುಗಿ ಓಡೋಡಿ ಬಂದು ಎದುರು ನಿಂತಾಗ, ಅಂಗಿಯ ಮೇಲಿನ ಗುಂಡಿ ಹಾಕಿಕೋ ಎಂದರಂತೆ.

ಅದೇ ಹೆಂಡತಿ ತೀರಿಕೊಂಡಾಗ ಅವರು ಬರೆದ ನಾಲ್ಕು ಪುಟಗಳನ್ನು ಚರ್ಚಿನಲ್ಲಿ ಓದಿದವರು ಎರಡನೆಯ ಪುಟದಲ್ಲೇ ಕಾಗದ ಕೆಳಗಿಟ್ಟರು. ಉಳಿದದ್ದನ್ನು ಇನ್ನೊಬ್ಬರು ಓದಬೇಕಾಯಿತು. ಸಾರಿಗೆ ಹಾಕುವ ಮೆಣಸನ್ನು ಆಕೆ ಎರಡು ಬೆರಳಲ್ಲಿ ಹೇಗೆ ಹಿಡಿಯುತ್ತಿದ್ದಳು, ಗಂಡನಿಗೆ ಹೊಟ್ಟೆ ಕೆಟ್ಟ ದಿನ ಅವನಿಗೆ ಹೇಳದೆ ಆ ಎರಡು ಬೆರಳ ಚಿಟಿಕೆ ಹೇಗೆ ಅರ್ಧವಾಗುತ್ತಿತ್ತು, ಎಲ್ಲವೂ ಅದರಲ್ಲಿತ್ತು.

ಇಲ್ಲಿ ಸತ್ತವರಿಗೆ ಪುಸ್ತಕ ಅಚ್ಚಾಗುತ್ತದೆ. ಸುತ್ತ ಕರಿ ಅಂಚು, ನಡುವೆ ಭಾವಚಿತ್ರ, ಒಳಗೆ ಹುಟ್ಟಿದಂದಿನಿಂದ ಬಾಳಿದ ಕಥೆ, ಮಕ್ಕಳು ಹೇಳಿದ್ದು, ಒಡಹುಟ್ಟಿದವರು ಹೇಳಿದ್ದು, ಕೆಲಸದವರು ಹೇಳಿದ್ದು. ಶನಿವಾರದ ಮಣ್ಣಿಗೆ ಬಂದವರೆಲ್ಲ ಅದನ್ನೇ ಬೀಸಣಿಗೆ ಮಾಡಿಕೊಂಡು ಗಾಳಿ ಹಾಕಿಕೊಳ್ಳುತ್ತಾರೆ. ಶಾಲೆಯಿಂದ ನಿವೃತ್ತರಾದ ಮೇಲೆ ಟೀಚರ್ ಹದಿನೆಂಟು ವರ್ಷ ಇಂಥ ಪುಸ್ತಕಗಳನ್ನು ಬರೆದರು. ಮೀನುಗಾರರ ಬಾಯಿ ಸುಮ್ಮನಿರುತ್ತದೆಯೇ. 'ಟೀಚರ್ ಬಾಯಲ್ಲಿ ಒಂದು ಒಳ್ಳೆ ಮಾತು ಬರ್ಬೇಕಂದ್ರೆ ನಾವು ಸಾಯ್ಬೇಕು. ಸತ್ತ ಮೇಲೆ ಕೇಳೋಕೆ ಕಿವಿ ಇರಲ್ಲ' ಎಂದು ಬಲೆ ನೇಯುತ್ತ ಅವರಿಗೆ ಕೇಳುವ ಹಾಗೆಯೇ ಹೇಳುತ್ತಿದ್ದರು. ಟೀಚರ್ ನಗುತ್ತಿರಲಿಲ್ಲ. 'ಬಲೆಯಲ್ಲಿ ಮೂರನೇ ಗಂಟು ಸಡಿಲ ಇದೆ' ಎಂದು ಮುಂದೆ ಹೋಗುತ್ತಿದ್ದರು.

ಅವರ ನಡಿಗೆ ಗೋಡೆಯನ್ನು ಸವರಿಕೊಂಡು ಹೋಗುವ ನಡಿಗೆ. ಪ್ರತಿಯೊಂದು ವಿದ್ಯುತ್ ಕಂಬದ ಬಳಿಯೂ ಒಂದು ಕ್ಷಣ ನಿಂತು, ಅದು ನಿನ್ನೆಯ ಜಾಗದಲ್ಲೇ ಇದೆಯೇ ಎಂದು ನೋಡಿಕೊಳ್ಳುವವರ ಹಾಗೆ ತಲೆಯೆತ್ತಿ, ಆಮೇಲೆ ಹೆಜ್ಜೆ ಮುಂದಿಡುತ್ತಿದ್ದರು. ಕೈಯಲ್ಲಿ ಎರಡೂ ತುದಿ ಚೂಪು ಮಾಡಿದ ಪೆನ್ಸಿಲು; ಒಂದು ತುದಿ ಕಪ್ಪು, ಒಂದು ತುದಿ ಕೆಂಪು. ಹೇಳಿದವರು ಸ್ವತಃ ಕಂಡದ್ದಾದರೆ ಕಪ್ಪಿನಲ್ಲಿ, ಯಾರಿಂದಲೋ ಕೇಳಿದ್ದಾದರೆ ಕೆಂಪಿನಲ್ಲಿ ಬರೆಯುವರು. ಕೆಂಪಿನದು ಪುಸ್ತಕಕ್ಕೆ ಹೋಗುತ್ತಿರಲಿಲ್ಲ. ಯಾರು ಏನು ಹೇಳಲಿ, 'ನೀವೇ ಕಂಡಿರಾ?' ಎಂದು ಒಂದು ಸಲ ಕೇಳದೆ ಪೆನ್ಸಿಲು ಕಾಗದಕ್ಕೆ ತಾಗುತ್ತಿರಲಿಲ್ಲ. ಸತ್ತದ್ದು ಹೇಗೆ ಎಂದು ಮಾತ್ರ ಎಂದೂ ಕೇಳಿದವರಲ್ಲ. ಸಾವಿನಲ್ಲಿ ಬರೆಯುವಂಥದ್ದೇನಿಲ್ಲ, ಅದರ ತಾರೀಖನ್ನು ಮನೆಯವರು ಅಚ್ಚಿನವನಿಗೆ ಹೇಳಿದರೆ ಸಾಕು ಎನ್ನುವರು.

ಇನ್ನು ಆ ಕೋಟು. ಕರಿಯ ಉಣ್ಣೆಯದು, ಶಾಲೆಯ ತನಿಖೆಗೆಂದು ಪ್ರಾಯದಲ್ಲಿ ಹೊಲಿಸಿದ್ದು, ಸಮುದ್ರದ ಉಪ್ಪುಗಾಳಿಗೆ ಬೆನ್ನಿನ ಕಡೆ ಹಸಿರಿಗೆ ತಿರುಗಿತ್ತು. ನಮ್ಮ ಸೆಖೆಯಲ್ಲಿ ನೋಡಿದವರಿಗೇ ಬೆವರು ಕಿತ್ತುಬರಬೇಕು. ಸತ್ತವರ ಕೆಲಸ ಹಿಡಿದಾಗ ಮಾತ್ರ ಅದು ಬಾಗಿಲ ಹಿಂದಿನ ಮೊಳೆಯಿಂದ ಇಳಿಯುತ್ತಿತ್ತು. ಆದ್ದರಿಂದ ಕೋಟು ಬೀದಿಗೆ ಬಂತೆಂದರೆ ದನಿಗಳು ತಗ್ಗುತ್ತಿದ್ದವು; ಯಾರ ಮನೆಯಲ್ಲಿ ಯಾರು ಎಂದು ಹೆಂಗಸರು ಕಣ್ಣಲ್ಲೇ ಕೇಳಿಕೊಳ್ಳುತ್ತಿದ್ದರು. ಬಾಯಲ್ಲಿ ಕೇಳುವಂತಿಲ್ಲ. ಕುಲದ ಹಿರಿಯ ತಾನಾಗಿ ಸಾರುವವರೆಗೆ ಸಾವಿನ ಸುದ್ದಿಯನ್ನು ಮನೆಯವರ ಮುಂದೆ ಎತ್ತುವುದು ಇಲ್ಲಿ ದೊಡ್ಡ ಅಪರಾಧ.

ಇಷ್ಟು ಹೇಳಿದರೆ ಎಕುವಾಳ ವಿಷಯದಲ್ಲಿ ಆದದ್ದು ಹೇಗಾಯಿತೆಂದು ತಿಳಿದೀತು.

ಎಕುವಾ ಕ್ವಾನ್ಸಿಮಾ ತಾಯಿಯಿಲ್ಲದ ಹುಡುಗಿ. ದೊಡ್ಡಮ್ಮ ಮಾಮೆ ಬೋಟ್ವೆ ಮೀನನ್ನು ಹೊಗೆಯಲ್ಲಿ ಒಣಗಿಸಿ ಮಾರುತ್ತ ಅವಳನ್ನು ಸಾಕಿದಳು. ಟೀಚರ್ ಅವಳಿಗೆ ಅಕ್ಷರ ಕಲಿಸಿದರು. ಹನ್ನೆರಡಕ್ಕೇ ದೊಡ್ಡಮ್ಮನ ತಲೆ ಮೀರಿ ಬೆಳೆದಳು, ಹದಿನಾರಕ್ಕೆ ಬಟ್ಟೆಯಂಗಡಿಯವರು ಅವಳಿಗೆ ಸೀರೆಯುದ್ದದ ಬಟ್ಟೆ ಸುತ್ತಿಸಿ ಮಾರುಕಟ್ಟೆಯಲ್ಲಿ ನಡೆಸಿದರು, ಇಪ್ಪತ್ತಕ್ಕೆ ರಾಜಧಾನಿ ಅಕ್ರಾಕ್ಕೆ ಹೋಗಿ ರೂಪದರ್ಶಿಯಾದಳು. ಲಾಗೋಸ್, ಅಬಿಜಾನ್, ಜೋಹಾನ್ಸ್‌ಬರ್ಗಿನ ಫ್ಯಾಷನ್ ವೇದಿಕೆಗಳಲ್ಲಿ ನಡೆದಳು. ಇಪ್ಪತ್ತಾರಕ್ಕೆ ನ್ಯೂಯಾರ್ಕಿನ ಒಂದು ಏಜೆನ್ಸಿ ಕರೆಯಿತು. ಆದರೆ ಅಲ್ಲಿ ಕೆಲಸದ ಹಕ್ಕಿನಿಂದ ನೆಲೆಸಬೇಕಾದರೆ, ಈಕೆ ತನ್ನ ಕಸುಬಿನ ತುತ್ತತುದಿಯಲ್ಲಿರುವ ಕೆಲವೇ ಮಂದಿಯಲ್ಲಿ ಒಬ್ಬಳು, ಅಸಾಧಾರಣ ಸಾಮರ್ಥ್ಯದವಳು ಎಂದು ಆ ದೇಶದ ಸರಕಾರಕ್ಕೆ ಅರ್ಜಿ ಹಾಕಿ ಸಾಬೀತುಪಡಿಸಬೇಕು. ತಿಂಗಳ ಕೊನೆಯೊಳಗೆ ಅರ್ಜಿ ಹೋಗದಿದ್ದರೆ ಆ ಸ್ಥಾನ ಇನ್ನೊಬ್ಬಳಿಗೆ.

ಪತ್ರಿಕೆಯ ಚಿತ್ರಗಳಿದ್ದವು, ವೇದಿಕೆಗಳ ಪಟ್ಟಿಯಿತ್ತು. ಇಲ್ಲದ್ದು ಒಂದೇ: ಕಸುಬು ಬಲ್ಲವರ ಕಾಗದಗಳು. ಅವಳು ಮಾಡಿದ್ದೇನು, ಅದನ್ನು ಯಾರು ಕಂಡರು, ಬೇರೆ ಯಾರಿಂದಲೂ ಅದು ಆಗದೆಂದು ಹೇಗೆ ಗೊತ್ತು ಎಂದು ಬಿಡಿಸಿ ಬರೆದದ್ದು ಬೇಕೆಂದು ನ್ಯೂಯಾರ್ಕಿನ ವಕೀಲೆ ಕೇಳಿದ್ದಳು. ಮಾಮೆ ಬೋಟ್ವೆ ಎಕುವಾಳನ್ನು ಮೊದಮೊದಲು ಕೆಲಸಕ್ಕೆ ತೆಗೆದುಕೊಂಡಿದ್ದ ಮೂವರ ಬಳಿಗೆ ಹೋಗಿ ಬರೆಸಿ ತಂದಳು. ಬಟ್ಟೆಯ ವ್ಯಾಪಾರದ ಹೆಂಗಸರಿಗೆಲ್ಲ ಹಿರಿಯಳಾದ ನಾನಾ ಟವಿಯಾ, ಎಕುವಾ ವಿನಯವಂತೆ, ಹಿರಿಯರ ಕೈಚೀಲ ಹೊರುತ್ತಾಳೆ ಎಂದು ಬರೆಸಿದಳು. ಹೊಲಿಗೆಯ ಮೇಡಂ ಅಮಿಸ್ಸಾ, ದೈವಭಕ್ತೆ, ಹೊತ್ತಿಗೆ ಸರಿಯಾಗಿ ಬರುತ್ತಾಳೆ ಎಂದು. ಫೋಟೋ ತೆಗೆಯುವ ಡಾಡ್ಜಿ ಅವೆರಡನ್ನೂ ಸೇರಿಸಿ ಒಂದು ಮಾಡಿದ. ಬದುಕಿರುವ ಹುಡುಗಿಗೆ ಇದಕ್ಕಿಂತ ಹೆಚ್ಚು ನಮ್ಮಲ್ಲಿ ಯಾರೂ ಬರೆಯುವುದಿಲ್ಲ. ವಕೀಲೆ ಮೂರನ್ನೂ ಹಿಂದಕ್ಕೆ ಕಳಿಸಿದಳು. ವಿನಯ ಒಳ್ಳೆಯದೇ, ಆದರೆ ಕಾನೂನು ಅದನ್ನು ಕೇಳಿಲ್ಲ ಎಂದಳು. ಉಳಿದದ್ದು ಹದಿನೇಳು ದಿನ.

ಆ ಶನಿವಾರ ಮಾಮೆ ಬೋಟ್ವೆ ಯಾರದೋ ಮಣ್ಣಿಗೆ ಹೋಗಿದ್ದವಳು, ಅಲ್ಲಿ ಓದಿದ ಪುಸ್ತಕ ಕೇಳುತ್ತ ಕೇಳುತ್ತ, ಈ ಊರಿನಲ್ಲಿ ಮನುಷ್ಯರ ಗುಣವನ್ನು ಬಿಡಿಸಿ ಬರೆಯಬಲ್ಲವರು ಒಬ್ಬರೇ ಇದ್ದಾರಲ್ಲ ಎಂದು ಹೊಳೆದು, ಅಲ್ಲಿಂದ ನೆಟ್ಟಗೆ ಟೀಚರ ಜಗಲಿಗೆ ನಡೆದಳು. ಉಟ್ಟದ್ದು ಕಪ್ಪು ಕೆಂಪಿನ ಸೂತಕದ ಬಟ್ಟೆ. ಹದಿನೈದು ದಿನದ ಓಡಾಟಕ್ಕೆ ಸೋತ ಜೀವ. ಕೂತದ್ದೇ ತಡ ಅತ್ತುಬಿಟ್ಟಳು.

'ನಮ್ಮ ಎಕುವಾಂದು ಬರೀಬೇಕು ಟೀಚರ್' ಎಂದಳು. 'ಏನೂ ಬಿಡಬಾರದು. ನ್ಯೂಯಾರ್ಕಿನವರು ಕಾಯ್ತಿದಾರೆ.'

ಟೀಚರ್ ಎರಡು ತುದಿಯ ಪೆನ್ಸಿಲನ್ನು ಕೈಗೆತ್ತಿಕೊಂಡರಂತೆ. ಆಮೇಲೆ, ಯಾವತ್ತಿಗೆ ಬೇಕು ಎಂದು ಕೇಳಿದರು. ತಿಂಗಳ ಕೊನೆಯೊಳಗೆ ಎಂದಳು. ಯಾರನ್ನು ಕೇಳಲಿ ಎಂದರು. ಮೂವರ ಹೆಸರು ಹೇಳಿದಳು. ಅಲ್ಲಿಗೆ ಮಾತು ಮುಗಿಯಿತು. ಅವಳಾಡಿದ್ದರಲ್ಲಿ ಒಂದು ಸುಳ್ಳಿಲ್ಲ, ಅವರು ಕೇಳಿದ್ದರಲ್ಲಿ ಒಂದು ತಪ್ಪಿಲ್ಲ. ಬದುಕಿರುವವರ ಬಗ್ಗೆ ಬರೆಸಲು ಹದಿನೆಂಟು ವರ್ಷದಲ್ಲಿ ಒಬ್ಬರೂ ಆ ಜಗಲಿ ಹತ್ತಿರಲಿಲ್ಲ. ಎಕುವಾ ಅಕ್ರಾದಲ್ಲಿ ಗಟ್ಟಿಮುಟ್ಟಾಗಿದ್ದಾಳೆಂದು ಬಾಯಿಬಿಟ್ಟು ಹೇಳಬೇಕೆಂದು ದೊಡ್ಡಮ್ಮನಿಗೆ ತೋಚಲಿಲ್ಲ, ಅದನ್ನು ಕೇಳಬೇಕೆಂದು ಟೀಚರಿಗೂ ತೋಚಲಿಲ್ಲ. ಅವಳು ಹೋದ ಮೇಲೆ ಅವರು ಬಾಗಿಲ ಹಿಂದೆ ಕೈ ಹಾಕಿ ಕೋಟು ಇಳಿಸಿದರು.

ಸೋಮವಾರ ಕೋಟು ಮೇಡಂ ಅಮಿಸ್ಸಾಳ ಹೊಲಿಗೆ ಅಂಗಡಿಗೆ ಹೋಯಿತು, ಮಂಗಳವಾರ ನಾನಾ ಟವಿಯಾಳ ಬಟ್ಟೆಯಂಗಡಿಗೆ, ಬುಧವಾರ ಡಾಡ್ಜಿಯ ಸ್ಟುಡಿಯೋಕ್ಕೆ. 'ಎಕುವಾ ಕ್ವಾನ್ಸಿಮಾ. ಏನು ಕಂಡಿರಿ?' ಎಂದು ಕೇಳಿತು. ಅಷ್ಟು ಸಾಕಾಯಿತು. ಬುಧವಾರ ಸಂಜೆಯ ಹೊತ್ತಿಗೆ ಇಡೀ ಬೀದಿಗೆ ಎಕುವಾ ಸತ್ತಿದ್ದಳು.

ಅಲ್ಲಿಂದಾಚೆ ಮಾಮೆ ಬೋಟ್ವೆಯ ಪಾಲಿಗೆ ಊರೇ ಬದಲಾಯಿತು. ಅವಳು ಹಾದುಹೋದರೆ ಬೀದಿಯ ಮಾತು ನಿಲ್ಲುವುದು. ಮೂರು ವರ್ಷದಿಂದ ಮಾತು ಬಿಟ್ಟಿದ್ದ ನೆರೆಯವಳು ಮೆಕ್ಕೆಜೋಳದ ಕಡುಬಾದ ಬಿಸಿ ಕೆಂಕಿಯನ್ನು ಬಾಳೆಲೆ ಸಮೇತ ತಂದಿಟ್ಟು, ಒಂದು ಮಾತೂ ಆಡದೆ ಬೆನ್ನು ಸವರಿ ಹೋದಳು. ಅರ್ಜಿಯ ಚಿಂತೆಯನ್ನು ಜನ ಎಷ್ಟು ಮನಸ್ಸಿಗೆ ಹಚ್ಚಿಕೊಂಡಿದ್ದಾರೆ ಎಂದು ಅವಳು ಕರಗಿಹೋದಳು. ಮೀನಿನ ಒಲೆಗಳ ಹಿಂದೆ ನಿಂತು ಫೋನಿನಲ್ಲಿ ಎಕುವಾಳೊಂದಿಗೆ ಅವಳು ನಗುತ್ತಿದ್ದದ್ದನ್ನು ಕಂಡವರು, ದುಃಖಕ್ಕೆ ತಲೆ ಕೆಟ್ಟಿದೆ ಪಾಪ ಎಂದು ಕಣ್ಣೊರೆಸಿಕೊಂಡರು. ಅವಳ ಕುಲದ ಹಿರಿಯರಂತೂ, ತಮಗೆ ತಿಳಿಸದೆ ಕೋಟು ಹೊರಬಿತ್ತಲ್ಲ ಎಂಬ ಮುನಿಸಿನಲ್ಲಿ ಬಾಗಿಲು ಹಾಕಿ ಕೂತರು. ಕೇಳುವಂತಿಲ್ಲ, ಹೇಳುವಂತಿಲ್ಲ, ಹೀಗೆ ಒಂದು ವಾರ ಇಡೀ ಊರು ಬದುಕಿದ್ದವಳೊಬ್ಬಳ ಸೂತಕವನ್ನು ಮೌನವಾಗಿ ಆಚರಿಸಿತು.

ಟೀಚರ್ ಕೋಟು ಇಳಿಸಿದ ಹನ್ನೊಂದನೆಯ ದಿನ ಅಚ್ಚಿನ ಮನೆಯಿಂದ ಪುಟಗಳು ಬಂದವು. ಮಾಮೆ ಬೋಟ್ವೆಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಕರಿ ಅಂಚನ್ನು ಕಂಡಳು. ಟೀಚರ್ ಬರೆದದ್ದೆಲ್ಲ ಹೀಗೇ ಅಚ್ಚಾಗುತ್ತದೆ, ಗಂಭೀರವಾಗಿದೆ ಎಂದುಕೊಂಡಳು. ಎಕುವಾಳ ಚಿತ್ರ ಚೆನ್ನಾಗಿ ಬಂದಿತ್ತು. ಹೊತ್ತು ಕಳೆಯುವುದು ಬೇಡವೆಂದು ಅಚ್ಚಿನವನಿಗೇ ವಕೀಲೆಯ ವಿಳಾಸ ಕೊಟ್ಟು, ಅಲ್ಲಿಂದಲೇ ಕಂಪ್ಯೂಟರಿನಲ್ಲಿ ನ್ಯೂಯಾರ್ಕಿಗೆ ಕಳಿಸಿಸಿದಳು.

ಮರುದಿನ ಬೆಳಗ್ಗೆ ಅಕ್ರಾದಲ್ಲಿ ಎಕುವಾ ಹಲ್ಲುಜ್ಜುತ್ತಿದ್ದಾಗ ಅವಳ ಫೋನಿಗೆ ವಕೀಲೆಯ ಉತ್ತರ ಬಂತು. ಅದು ಎಕುವಾಳ ಮನೆಯವರನ್ನು ಉದ್ದೇಶಿಸಿ ಬರೆದದ್ದು. ನಿಮ್ಮ ದುಃಖದಲ್ಲಿ ನಾನೂ ಭಾಗಿ ಎಂದಿತ್ತು. ಯಾರಿಗಾಗಿ ಅರ್ಜಿಯೋ ಅವರೇ ಇಲ್ಲವಾದ ಮೇಲೆ ಅರ್ಜಿಯನ್ನು ಮುಂದುವರಿಸಲಾಗದು, ತೀರಿಕೊಂಡ ತಾರೀಖಿನ ಜಾಗ ಖಾಲಿ ಬಿಟ್ಟಿದ್ದೀರಿ, ದಯವಿಟ್ಟು ತಿಳಿಸಿ ಎಂದಿತ್ತು. ಕೊನೆಯಲ್ಲಿ ಒಂದು ಸಾಲು: ನಾನು ಇಷ್ಟು ದಿನ ಕೇಳುತ್ತಿದ್ದದ್ದು ಇಂಥ ಕಾಗದಗಳನ್ನೇ.

ಜೊತೆಗಿದ್ದ ಪುಟಗಳನ್ನು ತೆರೆದಳು. ಕರಿ ಅಂಚಿನ ನಡುವೆ ತಾನೇ ನಗುತ್ತಿದ್ದಳು. ಬಾಯಿ ತೊಳೆದುಕೊಂಡಳೋ ಇಲ್ಲವೋ ನೆನಪಿಲ್ಲ ಎಂದು ಆಮೇಲೆ ದೊಡ್ಡಮ್ಮನಿಗೆ ಹೇಳಿದಳು. ಮಾಡಿದ ಮೊದಲ ಕೆಲಸವೆಂದರೆ ತನ್ನ ಎಡಗೈಯ ನಾಡಿಯನ್ನು ಬಲಗೈಯಿಂದ ಹಿಡಿದು ನೋಡಿಕೊಂಡದ್ದು. ಆಮೇಲೆ ದೊಡ್ಡಮ್ಮನಿಗೆ ಫೋನು ಮಾಡಿದಳು. ಆಕೆ ಎಂದಿನಂತೆ ನಗುತ್ತ, 'ಬಂತಾ ಅಮ್ಮ? ಚೆನ್ನಾಗಿದೆಯಾ?' ಎಂದು ಕೇಳುತ್ತಿದ್ದಂತೆ ಎಕುವಾ ಫೋನಿಟ್ಟು ಟ್ರೊಟ್ರೊ ನಿಲ್ದಾಣಕ್ಕೆ ಓಡಿದಳು.

ಆ ಹಳೆಯ ವ್ಯಾನಿನಲ್ಲಿ ಐದು ಗಂಟೆಯ ದಾರಿ; ಒಂದು ಮೊಣಕಾಲು ಮುಂದಿನ ಸೀಟಿಗೆ, ಒಂದು ಮೊಣಕಾಲು ಪಕ್ಕದವಳ ಕೋಳಿಬುಟ್ಟಿಗೆ ಒತ್ತಿಕೊಂಡು ಎಕುವಾ ತನ್ನ ಬಗ್ಗೆ ಜನ ಹೇಳಿದ್ದನ್ನು ಓದಿದಳು. ಬದುಕಿರುವ ಯಾರಿಗೂ ನಮ್ಮಲ್ಲಿ ಸಿಕ್ಕದ ಓದು ಅದು.

ನಾನಾ ಟವಿಯಾ ಹೇಳಿದ್ದಳು: ಹತ್ತು ವರ್ಷದ ಹಿಂದೆ, ಎರಡು ವರ್ಷದಿಂದ ಒಂದು ತುಂಡೂ ಹೋಗದೆ ಕೂತಿದ್ದ ನೀಲಿ ಬಳ್ಳಿಯ ಬಟ್ಟೆಯನ್ನು ಆ ಹುಡುಗಿಗೆ ಸುತ್ತಿಸಿ, ಮಾರುಕಟ್ಟೆಯ ಸಾಲಿನ ಕೊನೆಯವರೆಗೆ ಹೋಗಿ ಬಾ ಎಂದೆ. ಹೋಗುವಾಗ ಯಾರೂ ನೋಡಲಿಲ್ಲ. ಮೀನಿನವರ ಹತ್ತಿರ ಅವಳು ತಿರುಗಿದಳು. ತಿರುಗಿದಾಗ ಬಟ್ಟೆ ಅವಳಿಗಿಂತ ಅರೆಗಳಿಗೆ ತಡವಾಗಿ ತಿರುಗಿತು. ಚೌಕಾಸಿ ಮಾಡುತ್ತಿದ್ದ ಬಾಯಿಗಳೆಲ್ಲ ನಿಂತವು. ಅಂದೇ ದಾಸ್ತಾನು ಖಾಲಿ. ಆ ಬಟ್ಟೆಗೆ ನಾನು 'ಎಕುವಾ ತಿರುಗಿದಳು' ಎಂದು ಹೆಸರಿಟ್ಟೆ. ಇವತ್ತಿಗೂ ಅಬಿಜಾನ್ ತನಕ ಹೆಂಗಸರು ಅದನ್ನು ಅದೇ ಹೆಸರಿನಿಂದ ಕೇಳುತ್ತಾರೆ. ಬಟ್ಟೆಗೆ ನಿಲ್ಲುವುದು ರಾಣಿಯರ, ಯುದ್ಧಗಳ ಹೆಸರು. ಹುಡುಗಿಗೆ ನಾನು ಹೇಳಲಿಲ್ಲ. ಹೇಳಿದ್ದರೆ ನನ್ನ ಅಂಗಡಿಯಲ್ಲಿ ನಿಲ್ಲುತ್ತಿರಲಿಲ್ಲ.

ಡಾಡ್ಜಿ ಹೇಳಿದ್ದ: ಮೂವತ್ತಾರು ಚಿತ್ರದ ರೀಲಿನಲ್ಲಿ ಬೇರೆಯವರದಾದರೆ ಮೂರು ಒಳ್ಳೆಯದು ಬಂದರೆ ಅದೃಷ್ಟ. ಅವಳದು ಮೂವತ್ತಾರಕ್ಕೆ ಮೂವತ್ತಾರು. ಬೆಳಕು ಎಲ್ಲಿದೆಯೆಂದು ಅವಳು ತಲೆಯೆತ್ತಿ ನೋಡುತ್ತಿರಲಿಲ್ಲ, ಕೆನ್ನೆಯಿಂದಲೇ ತಿಳಿಯುತ್ತಿದ್ದಳು. ಹೊಸ ಲೆನ್ಸಿನ ಮಹಿಮೆ ಎಂದು ನಾನು ಎಲ್ಲರಿಗೂ ಹೇಳಿಕೊಂಡು ತಿರುಗಿದೆ.

ಮೇಡಂ ಅಮಿಸ್ಸಾಳ ಪುಟಕ್ಕೆ ಬರುವಾಗ ಕೇಪ್ ಕೋಸ್ಟ್ ದಾಟಿತ್ತು. ಹೊಲಿಗೆಯ ಸ್ಪರ್ಧೆಯಲ್ಲಿ ತನಗೆ ಪ್ರಾಂತ್ಯದ ಬಹುಮಾನ ತಂದುಕೊಟ್ಟ ಆ ಎತ್ತರದ ತೋಳಿನ ಉಡುಪಿನಲ್ಲಿ ಎಡದ ತೋಳನ್ನು ಮೇಡಂ ತಾನೇ ತಪ್ಪಾಗಿ ಕತ್ತರಿಸಿದ್ದಳಂತೆ. ಅದು ತಿಳಿದದ್ದು ಹುಡುಗಿ ವೇದಿಕೆಗೆ ಕಾಲಿಟ್ಟ ಮೇಲೆ. ಮೊದಲ ಹೆಜ್ಜೆಯಲ್ಲೇ ಎಕುವಾ ಎಳೆತವನ್ನು ಅರಿತು, ಎಡ ಭುಜವನ್ನು ಒಂದೇ ಒಂದು ಬೆರಳಗಲ ಎತ್ತಿ, ಹೋಗುವ ಇಪ್ಪತ್ತು ಬರುವ ಇಪ್ಪತ್ತು ಹೆಜ್ಜೆಯೂ ಹಾಗೆಯೇ ಹಿಡಿದು, ಹಿಡಿದದ್ದು ಮುಖಕ್ಕೆ ಬಾರದಂತೆ ನಡೆದಳು. ಮೇಡಂ ಹೇಳಿದ್ದಳು: ಆ ಬಹುಮಾನ ನನ್ನ ಕತ್ತರಿಯದಲ್ಲ, ಅವಳ ಭುಜದ್ದು. ಮಾರನೆಯ ವಾರ, ನಿನ್ನ ಭುಜ ನನ್ನ ತೋಳನ್ನು ಕೆಡಿಸುತ್ತದೆ ಎಂದು ಬೈದು ಅವಳನ್ನು ಹೊರಹಾಕಿದೆ. ಬಹುಮಾನದ ಫಲಕ ನೋಡಿದಾಗಲೆಲ್ಲ ಅವಳ ಮುಖ ಕಾಣುತ್ತಿತ್ತು, ಅದಕ್ಕೇ.

ಬೈದದ್ದು ಎಕುವಾಳಿಗೆ ನೆನಪಿತ್ತು. ಆರು ವರ್ಷ ಕನ್ನಡಿಯ ಮುಂದೆ ನಿಂತು ಎಡ ಭುಜವನ್ನು ತಗ್ಗಿಸಲು ಕಲಿತಿದ್ದಳು.

ಕೊನೆಯ ಪುಟ ಟೀಚರದೇ. ಶಿಕ್ಷಕ ಹೇಳಿದ್ದು ಎಂದು ಪುಸ್ತಕದಲ್ಲಿ ಒಂದು ಪುಟ ಇರುವುದು ರೂಢಿ. ಅದರಲ್ಲಿ ಹೆಚ್ಚು ಸಾಲುಗಳಿಲ್ಲ. ತಡವಾಗಿ ಬಂದಳೆಂದು ಬಾಗಿಲಲ್ಲಿ ನಿಲ್ಲಿಸಿ, ಆಮೇಲೆ ಒಳಗೆ ಕರೆದೆ. ಬಾಗಿಲಿಂದ ಮೂರನೆಯ ಬೆಂಚಿಗೆ ಹನ್ನೊಂದು ಹೆಜ್ಜೆ. ಅವಳು ಕೂತುಕೊಳ್ಳುವವರೆಗೆ ನಾನು ಹಲಗೆಯ ಕಡೆ ತಿರುಗಲಿಲ್ಲ. ಮೂವತ್ತೊಂಬತ್ತು ವರ್ಷದ ಪಾಠದಲ್ಲಿ ಇನ್ನಾರ ಹೆಜ್ಜೆಗೂ ಸೀಮೆಸುಣ್ಣವನ್ನು ಗಾಳಿಯಲ್ಲಿ ಹಿಡಿದು ನಿಂತವನಲ್ಲ. ಆಮೇಲೆ ಅವಳು ತಡವಾಗಿ ಬಂದಾಗಲೆಲ್ಲ ನಾನು ಸಿಟ್ಟುಗೊಂಡದ್ದು ನಟನೆ. ನಾನೇ ಕಂಡದ್ದು.

ಅವಳು ನಮ್ಮ ಬೀದಿಯ ತುದಿಯಲ್ಲಿ ಇಳಿದಾಗ ಗುರುವಾರ ಮಧ್ಯಾಹ್ನ ಎರಡು ಗಂಟೆ. ಅವತ್ತು ಆ ಬೀದಿಯಲ್ಲಿ ಇದ್ದವರಾರೂ ಅದನ್ನು ಮರೆತಿಲ್ಲ. ಮೊದಲು ಕಂಡದ್ದು ಕೆಂಕಿಯ ನೆರೆಯವಳು. ಕೂಗಲಿಲ್ಲ, ಒಲೆಯಿಂದ ಇಳಿಸುತ್ತಿದ್ದ ಹಂಡೆಯನ್ನು ಅಷ್ಟೇ ಮೆಲ್ಲಗೆ ಮತ್ತೆ ಒಲೆಯ ಮೇಲಿಟ್ಟು ಒಳಗೆ ಹೋಗಿ ಅಗುಳಿ ಹಾಕಿಕೊಂಡಳು. ಬಲೆ ನೇಯುವವರು ಎದ್ದು ನಿಂತರು. ನಾನಾ ಟವಿಯಾ ಮಧ್ಯಾಹ್ನದ ಪ್ರಾರ್ಥನೆಗೆ ಹೊರಟಿದ್ದವಳು ಇದ್ದಲ್ಲೇ ನೆಲಕ್ಕೆ ಕೂತು ಸೆರಗನ್ನು ಮುಖದ ಮೇಲೆಳೆದುಕೊಂಡಳು. ಎದುರಿಂದ ಬರುತ್ತಿದ್ದ ಮಾಮೆ ಬೋಟ್ವೆ ಒಬ್ಬಳೇ, ಇಡೀ ಬೀದಿಗೆ ಏನು ಬಡಿಯಿತೆಂದು ತಿಳಿಯದೆ, ಮೀನಿನ ತಟ್ಟೆ ಹೊತ್ತು ನಗುತ್ತ ಬಂದಳು. 'ಹೇಳದೆ ಕೇಳದೆ ಬಂದ್ಯಲ್ಲೇ. ಊಟಕ್ಕೇನು ಮಾಡ್ಲಿ?'

ಎಕುವಾ ಆಕೆಯ ಕೈ ಹಿಡಿದುಕೊಂಡೇ ಟೀಚರ ಜಗಲಿಯವರೆಗೆ ಬಂದಳು. ಟೀಚರ್ ಕೋಟಿನಲ್ಲೇ ಇದ್ದರು. ಎಕುವಾಳ ಮಣ್ಣಿನ ದಿನ ಸಭೆಯಲ್ಲಿ ಓದಬೇಕಾದ ಸಾಲುಗಳಿಗೆ ಗುರುತು ಹಾಕುತ್ತಿದ್ದರು. ತಲೆಯೆತ್ತಿದರು. ಪೆನ್ಸಿಲು ಕೈಯಲ್ಲೇ ನಿಂತಿತು. ಬಿಳಿಚಿಕೊಂಡ ಆ ಮುಖವನ್ನು ನೋಡಿ, ಈಗ ಇನ್ನೊಂದು ಪುಸ್ತಕ ಬರೆಯಬೇಕಾದೀತು ಎಂದು ನಮಗೆಲ್ಲ ಅನಿಸಿತು. ಅವರು ಮಾತ್ರ ಪೆನ್ಸಿಲಿನ ತುದಿಯನ್ನು ಬೀದಿಯ ಕಡೆ ತೋರಿಸಿ, 'ಆ ಕಂಬದ ತನಕ ಹೋಗಿ ಬಾ' ಎಂದರು.

ಅವಳು ಹೋದಳು. ಕಂಬದ ಬಳಿ ತಿರುಗಿದಳು. ಬಂದಳು.

'ಇದು ಬೇರೆ ಯಾರಿಗೂ ಬರಲ್ಲ. ನೀನೇ' ಎಂದರು ಟೀಚರ್. ಎದ್ದು ನಿಂತು, ಮೊದಲು ಬಲತೋಳು ಆಮೇಲೆ ಎಡತೋಳು, ಕೋಟನ್ನು ಕಳಚಿ ಮಡಿಸಿ ಕುರ್ಚಿಯ ಮೇಲಿಟ್ಟರು. ಒಳಗಿನ ಬಿಳಿ ಅಂಗಿ ಬೆನ್ನಿಗೆ ಅಂಟಿತ್ತು. ಕೋಟು ತೊಟ್ಟು ಹಿಡಿದ ಕೆಲಸವನ್ನು ನಡುವೆ ಬಿಟ್ಟು ಅದನ್ನು ಕಳಚಿದ್ದು ಅದೇ ಮೊದಲು.

ಉಳಿದದ್ದು ಐದು ದಿನ. ವಕೀಲೆಗೆ ಎಕುವಾ ಫೋನು ಮಾಡಿದಳು. ಮಾತಾಡುತ್ತಿರುವುದು ಯಾರು ಎಂದು ಆಕೆ ಎರಡು ಸಲ ಕೇಳಿದಳಂತೆ. ಆಮೇಲೆ ಆಕೆ, ಕರಿ ಅಂಚು ತೆಗೆಯಿರಿ, ಶಾಂತಿಯಿಂದ ಮಲಗು ಎಂಬುದನ್ನು ತೆಗೆಯಿರಿ, ಉಳಿದದ್ದನ್ನು ಮುಟ್ಟಬೇಡಿ, ಪ್ರತಿಯೊಬ್ಬರ ಸಹಿ ಹಾಕಿಸಿ ಕಳಿಸಿ ಎಂದಳು. ತೊಡಕು ಬಂದದ್ದು ಇಲ್ಲೇ. ಸತ್ತವರ ಪುಸ್ತಕಕ್ಕೆ ಸಹಿ ಬೇಕಿಲ್ಲ, ಹೆಸರು ಅಚ್ಚಾದರೆ ಸಾಕು. ಈಗ ಮೂವರೂ, ಬದುಕಿ ಎದುರು ನಿಂತಿರುವ ಹುಡುಗಿಗೆ ತಾವು ಆಡಿದ್ದನ್ನು ಹೌದೆಂದು ಒಪ್ಪಿ ಸಹಿ ಹಾಕಬೇಕು. ಮೂವರೂ ಆಗದೆಂದರು. ಹೊಗಳಿಕೆ ಅವಳಿಗೆ ತಾಗಿ ಏನಾದರೂ ಆದರೆ ತನ್ನ ತಲೆಗೆ ಬರುತ್ತದೆ ಎಂದಳು ನಾನಾ ಟವಿಯಾ. ಡಾಡ್ಜಿ ಸ್ಟುಡಿಯೋಕ್ಕೆ ಬೀಗ ಹಾಕಿ ಪಕ್ಕದ ಊರಾದ ಟಾಕೊರಾಡಿಗೆ ಹೋದ. ಮೇಡಂ ಅಮಿಸ್ಸಾ ಎಕುವಾಳನ್ನು ಕಂಡ ಗಳಿಗೆಯಿಂದ ಅಂಗಡಿಯ ಹಿಂಬಾಗಿಲಲ್ಲೇ ಓಡಾಡುತ್ತಿದ್ದಳು.

ಶುಕ್ರವಾರ ಟೀಚರ್ ಅಂಗಿಯಲ್ಲೇ ಬೀದಿಗಿಳಿದರು. ಬರೆದ ಪುಟಗಳನ್ನು ಹಿಡಿದು ಕೋಟಿಲ್ಲದೆ ಬಂದ ಅವರನ್ನು ಕಂಡು ಎಷ್ಟೋ ಮಂದಿಗೆ ಏನೆಂದು ತಿಳಿಯಲಿಲ್ಲ. ಎಕುವಾ ಹತ್ತು ಹೆಜ್ಜೆ ಹಿಂದೆ. ಪ್ರತಿ ಕಂಬದ ಬಳಿಯೂ ಇಬ್ಬರೂ ನಿಂತರು. ಮೇಡಂ ಅಮಿಸ್ಸಾಳ ಹಿಂಬಾಗಿಲಿಗೇ ಹೋದರು.

'ಅದು ಸತ್ತೋಳ ಹತ್ರ ಹೇಳ್ಕೊಂಡಿದ್ದು ಟೀಚರ್' ಎಂದಳು ಮೇಡಂ, ಗೋಡೆಯ ಕಡೆ ಮುಖ ಮಾಡಿ. 'ಬದುಕಿರೋಳ ಮುಂದೆ ನಾನು ಹ್ಯಾಗೆ ನಿಂತ್ಕೊಳ್ಳಿ?'

'ಆ ಭುಜ ಎತ್ತಿದ್ದು ನೀವೇ ಕಂಡಿರಾ?'

'ಕಂಡೆ.'

'ಕಂಡಾಗ ಅವಳು ಬದುಕಿದ್ಲಾ?'

ಮೇಡಂ ಗೋಡೆಯ ಸುಣ್ಣವನ್ನು ಉಗುರಿನಿಂದ ಕೆರೆದಳು. 'ಬದುಕಿದ್ಲು' ಎಂದಳು.

'ಹಾಗಾದ್ರೆ ಸಹಿ ಹಾಕಿ.'

ಅವಳು ತಿರುಗಿದಳು. ಎಕುವಾಳ ಎಡ ಭುಜವನ್ನು ನೋಡಿದಳು. ಅಳತೆ ತೆಗೆಯುವವಳ ಹಾಗೆ ಎರಡು ಬೆರಳು ಅದರ ಮೇಲಿಟ್ಟಳು. ತೆಗೆಯಲಿಲ್ಲ. ಆಮೇಲೆ ಲೇಖನಿ ಕೇಳಿದಳು. ಸಹಿಗೆ ಮೊದಲು, ಒಂದು ಮಾತು ಸೇರಿಸಬೇಕೆಂದು ಹಟ ಹಿಡಿದಳು. ಮಗುವಿನ ಕೆನ್ನೆಗೆ ಬೊಟ್ಟಿಡುವ ಹಾಗೆ ಇಷ್ಟು ಹೊಗಳಿಕೆಗೆ ಒಂದು ಕಪ್ಪು ಇರಲೇಬೇಕು, ಇಲ್ಲದಿದ್ದರೆ ಹುಡುಗಿಗೆ ಒಳ್ಳೆಯದಾಗುವುದಿಲ್ಲ. ಹೀಗೆ ಆಕೆಯ ಕಾಗದದ ಕೊನೆಯಲ್ಲಿ, ಎಕುವಾಳಿಗೆ ಗುಂಡಿ ಹೊಲಿಯಲು ಇನ್ನೂ ಬರುವುದಿಲ್ಲ ಎಂದು ಸೇರಿತು. ಅದನ್ನು ಕೇಳಿ ಧೈರ್ಯ ಬಂದ ನಾನಾ ಟವಿಯಾ, ಬಟ್ಟೆ ಮಡಿಸಿದರೆ ಮೂಲೆಗೆ ಮೂಲೆ ಕೂಡುವುದಿಲ್ಲ ಎಂದು ಸೇರಿಸಿ ಹೆಬ್ಬೆಟ್ಟೊತ್ತಿದಳು. ಜನ ಟಾಕೊರಾಡಿಯಿಂದ ಹಿಡಿದು ತಂದ ಡಾಡ್ಜಿ, ಇವಳು ತಮಾಷೆಗೆ ನಗುವುದು ಎಲ್ಲರೂ ನಕ್ಕು ಮುಗಿದ ಮೇಲೆ ಎಂದು ಬರೆಸಿದ. ಈ ಸಾಲುಗಳನ್ನು ತೆಗೆಯಬಹುದೇ ಎಂದು ವಕೀಲೆ ಕೇಳಿದಳು. 'ತೆಗೀಲಿ. ನನ್ನ ಸಹೀನೂ ಜೊತೇಲೇ ತೆಗೀಲಿ' ಎಂದು ಮೇಡಂ ಅಮಿಸ್ಸಾ ಹೇಳಿ ಕಳಿಸಿದಳು. ಸಾಲುಗಳು ಉಳಿದವು. ಮೂರೂ ಕಾಗದ ಮಂಗಳವಾರ, ಕೊನೆಯ ದಿನ, ಹೋದವು.

ಟೀಚರ ಪುಟ ಹೋಗಲಿಲ್ಲ. ಪಾಠದ ಮೇಷ್ಟ್ರು ಫ್ಯಾಷನ್ ಕಸುಬಿನವರಲ್ಲ, ಅವರ ಮಾತು ಕಾನೂನಿಗೆ ಬೇಕಿಲ್ಲ ಎಂದಿದ್ದಳು ವಕೀಲೆ. ನಮಗೆಲ್ಲ ಬೇಸರವಾಯಿತು. ಟೀಚರ್, ಆಕೆ ಹೇಳಿದ್ದು ಸರಿ ಎಂದರು.

ನಾಲ್ಕು ತಿಂಗಳ ಮೇಲೆ ಒಪ್ಪಿಗೆ ಬಂತು. ಒಂದು ಪುಟ, ಏಕೆ ಒಪ್ಪಿದರೆಂದು ಅದರಲ್ಲಿ ಒಂದಕ್ಷರವಿಲ್ಲ. ಹೊರಡುವ ಹಿಂದಿನ ದಿನ ಎಕುವಾ ಬೀಳ್ಕೊಳ್ಳಲು ಬಂದಾಗ ಟೀಚರ್ ಒಳಗಿನಿಂದ ಒಂದು ಲಕೋಟೆ ತಂದರು. ಅದರಲ್ಲಿದ್ದದ್ದು ಅವರ ಪುಟ, ಕರಿ ಅಂಚಿನೊಂದಿಗೆ ಅಚ್ಚಾದದ್ದೇ. ಕೆಳಗೆ ಕೈಬರಹದಲ್ಲಿ ಕಪ್ಪು ಪೆನ್ಸಿಲಿನ ಒಂದು ಸಾಲು ಹೊಸದಾಗಿ ಸೇರಿತ್ತು: ಅಕ್ಷರ ಕೆಟ್ಟದು.

ಮಾಮೆ ಬೋಟ್ವೆ ಎದೆಯ ಮೇಲೆ ಕೈಯಿಟ್ಟುಕೊಂಡಳು. ಬದುಕಿರುವ ಹುಡುಗಿಯ ಕೈಗೆ, ಪ್ರಯಾಣದ ಹೊತ್ತಿನಲ್ಲಿ, ಅವಳದೇ ಸಾವಿನ ಪುಟವನ್ನು ಕೊಡುವವರುಂಟೇ ಎಂದು ಬಾಯಿಗೆ ಬಂದದ್ದನ್ನು ಅಷ್ಟಕ್ಕೇ ನುಂಗಿದಳು.

'ಇದು ಅವರಿಗಲ್ಲ, ನಿನಗೆ' ಎಂದರು ಟೀಚರ್. 'ನಿನಗೆ ಇದು ಬೇಕಾಗೋದು ಇನ್ನೂ ಅರವತ್ತು ವರ್ಷದ ಮೇಲೆ. ಆವಾಗ ನನ್ನನ್ನ ಬಂದು ಕೇಳೋಕಾಗಲ್ಲ. ಆ ಹನ್ನೊಂದು ಹೆಜ್ಜೆ ಕಂಡಿದ್ದು ನಾನೊಬ್ಬನೇ.'

ಎಕುವಾ ಅದನ್ನು ಪಾಸ್‌ಪೋರ್ಟಿನೊಳಗೆ ಮಡಿಸಿಟ್ಟುಕೊಂಡಳು. ಅವಳು ಬೀದಿಯ ತುದಿ ಸೇರುವವರೆಗೆ ಟೀಚರ್ ಜಗಲಿಯಲ್ಲೇ ನಿಂತಿದ್ದರು, ಬಲಗೈಯಲ್ಲಿ ಪೆನ್ಸಿಲನ್ನು ಗಾಳಿಯಲ್ಲಿ ಹಿಡಿದು.

ಮೆಚ್ಚಿದ್ದನ್ನು ಬಾಯಲ್ಲಿ ಆಡದವರು ಎಲ್ಲ ಊರಿನಲ್ಲೂ ಇದ್ದಾರೆ, ಎಷ್ಟೋ ಮನೆಯಲ್ಲೂ ಇದ್ದಾರೆ. ಅವರ ಕಣ್ಣಿಗೆ ಏನೂ ಬೀಳುವುದಿಲ್ಲ, ಎದೆಗೆ ಏನೂ ತಾಗುವುದಿಲ್ಲ ಎಂದು ನಾವು ಬಗೆಯುತ್ತೇವೆ; ಒಂದು ಒಳ್ಳೆಯ ಮಾತಿಗಾಗಿ ಕಾದು ಕಾದು, ಕೊನೆಗೆ ಕಾಯುವುದನ್ನೇ ಬಿಡುತ್ತೇವೆ. ಹಾಗೆ ಬಿಟ್ಟು ನಾವು ಬೆನ್ನು ತಿರುಗಿಸಿ ಹೊರಟ ಮೇಲೂ ಅವರು ಬಾಗಿಲಲ್ಲಿ ನಿಂತು ನಮ್ಮ ಹೆಜ್ಜೆ ಎಣಿಸುತ್ತಿರುತ್ತಾರೆ. ನಮ್ಮ ಪೈಕಿ ಬಹಳ ಮಂದಿಗೆ ಅದು ತಿಳಿಯುವ ಹೊತ್ತಿಗೆ ಸುತ್ತ ಕರಿ ಅಂಚು ಬಿದ್ದಿರುತ್ತದೆ.